ತೂಕದ ಮೆಷಿನ್‌ಗೆ ಕಾಣದ ಮೂರು ತಿಂಗಳು

ನನ್ನ ಚಿಕ್ಕಪ್ಪ ಮೂರು ತಿಂಗಳಿಂದ ಮಾಟುಂಗಾದ ಫೈವ್ ಗಾರ್ಡನ್ಸ್‌ನಲ್ಲಿ ನಡೆಯುತ್ತಿದ್ದಾರೆ. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟು, ನಲವತ್ತು ನಿಮಿಷ ಬಿರುಸಾಗಿ ನಡೆದು, ಆಮೇಲೆ ಹೋಟೆಲಿನ ಶಟರ್ ಎತ್ತುತ್ತಾರೆ. ವಾರಕ್ಕೆ ಆರು ದಿನ, ಮಳೆ ಬಂದರೆ ಕೊಡೆ ಹಿಡಿದು. ಕಳೆದ ಭಾನುವಾರ ತೂಕ ನೋಡಿಕೊಂಡರು. 91 ಕಿಲೋ ಇದ್ದದ್ದು 90.2 ಆಗಿತ್ತು. ಸಂಜೆಗೆ ನನಗೆ ಫೋನ್ ಬಂತು: "ಎಂಟ್ನೂರು ಗ್ರಾಮಿಗೆ ಮೂರು ತಿಂಗಳ ನಿದ್ದೆ ಬಿಟ್ಟೆನಲ್ಲ ಮಾರಾಯ. ಇನ್ನು ನಡೆದದ್ದು ಸಾಕು, ಆ ಇಂಜೆಕ್ಷನ್ ತಗೊಳ್ತೇನೆ."

ಯಾವ ಇಂಜೆಕ್ಷನ್ ಎಂದು ಮುಂಬಯಿಯಲ್ಲಿ ಈಗ ಯಾರೂ ಕೇಳುವುದಿಲ್ಲ. ತೂಕ ಇಳಿಸುವ ಮದ್ದುಗಳಾದ ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಜೂನ್‌ನಲ್ಲಿ ನಮ್ಮ ದೇಶಕ್ಕೆ ಬಂದ ಮೇಲೆ ಮದುವೆ ಊಟದ ಪಂಕ್ತಿಯಲ್ಲಿ, ಸಂಘದ ಸಭೆಯಲ್ಲಿ, ಶನಿವಾರದ ಭಜನೆ ಮುಗಿದ ಮೇಲಿನ ಚಹಾದ ಹೊತ್ತಿನಲ್ಲಿ, ಎಲ್ಲಿ ಹೋದರೂ ಅದೇ ಮಾತು. ಆ ಮದ್ದಿನ ಬಗ್ಗೆ ನನಗೆ ತಕರಾರಿಲ್ಲ, ಅದರ ವಿಚಾರಕ್ಕೆ ಮುಂದೆ ಬರುತ್ತೇನೆ. ತಕರಾರು ಇರುವುದು ಚಿಕ್ಕಪ್ಪನ ಲೆಕ್ಕದ ಮೇಲೆ. ಮೂರು ತಿಂಗಳ ನಡಿಗೆಯ ಫಲವನ್ನು ಅವರು ಕೇಳಿದ್ದು ತೂಕದ ಮೆಷಿನ್ ಹತ್ತಿರ. ವ್ಯಾಯಾಮ ದೇಹಕ್ಕೆ ಮಾಡುವ ಹತ್ತಾರು ಉಪಕಾರಗಳಲ್ಲಿ ಅತ್ಯಂತ ಚಿಕ್ಕದನ್ನು ಮಾತ್ರ ಆ ಮೆಷಿನ್ ತೋರಿಸುತ್ತದೆ. ಉಳಿದದ್ದು ನಡೆಯುವುದು ಸ್ನಾಯುವಿನ ಒಳಗೆ, ಹೊಟ್ಟೆಯ ಒಳಗೆ, ನರಗಳಲ್ಲಿ, ಮೆದುಳಿನಲ್ಲಿ.

ಮೊದಲು ಈ 91 ಕಿಲೋ ಎಲ್ಲಿಂದ ಬಂತು ನೋಡೋಣ. ಚಿಕ್ಕಪ್ಪ ಕಾರ್ಕಳದ ಕಡೆಯಿಂದ 1979ರಲ್ಲಿ, ಹದಿಮೂರರ ಹುಡುಗನಾಗಿ ಬಂದವರು. ಮೊದಲು ಕ್ಲೀನರ್, ಕನ್ನಡದ ರಾತ್ರಿ ಶಾಲೆಯಲ್ಲಿ ಹತ್ತನೇ ತರಗತಿ, ಆಮೇಲೆ ಸಪ್ಲೈಯರ್. ಎಡಗೈ ಮೇಲೆ ಮೊಣಕೈತನಕ ನಾಲ್ಕು ಪ್ಲೇಟು ಜೋಡಿಸಿಕೊಂಡು, ಬಲಗೈಯಲ್ಲಿ ನೀರಿನ ಲೋಟಗಳು, ಅಡುಗೆಮನೆಯಿಂದ ಟೇಬಲ್ಲಿಗೆ, ಟೇಬಲ್ಲಿನಿಂದ ಅಡುಗೆಮನೆಗೆ, ದಿನಕ್ಕೆ ಹನ್ನೆರಡು ಗಂಟೆ. ಆಗ ಅವರ ಪ್ಯಾಂಟಿನ ಸೊಂಟ 28 ಇಂಚು. 1996ರಲ್ಲಿ ಸ್ವಂತ ಹೋಟೆಲಾಯಿತು, ಗಲ್ಲಾ ಮೇಲೆ ಕೂತರು. ಆ ಗಲ್ಲಾ ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಎತ್ತರದ ಸ್ಟೂಲು, ಹಣದ ಡ್ರಾವರು, ಸೋಂಪಿನ ಬಟ್ಟಲು, ಬಿಲ್ ಚುಚ್ಚುವ ಮೊಳೆ, ತಲೆಯ ಮೇಲೆ ಕಟೀಲಮ್ಮನ ಪಟ. ಕೈ ಚಾಚಿದರೆ ಎಲ್ಲವೂ ಸಿಗುತ್ತದೆ, ಏಳಬೇಕಾದ ಪ್ರಸಂಗವೇ ಬರುವುದಿಲ್ಲ. ಓಡಾಡುವ ಕೆಲಸದಿಂದ ಕೂರುವ ಕೆಲಸಕ್ಕೆ ಬರುವುದನ್ನೇ ನಾವು ಮುಂಬಯಿ ಕನ್ನಡಿಗರು ಏಳಿಗೆ ಎಂದು ಕರೆದವರು. ಅದು ಏಳಿಗೆಯೇ ಹೌದು, ಆ ತಲೆಮಾರಿನ ಬೆವರನ್ನು ಹತ್ತಿರದಿಂದ ಕಂಡವನಾಗಿ ಹೇಳುತ್ತೇನೆ. ಆದರೆ ದೇಹ ಅದಕ್ಕೆ ಬೇರೆಯೇ ಬೆಲೆ ಕಟ್ಟಿತು.

ಈ ಗಲ್ಲಾ ಮತ್ತು ಸಪ್ಲೈಯರ್ ವ್ಯತ್ಯಾಸವನ್ನು ವಿಜ್ಞಾನ ಮೊದಲು ಕಂಡದ್ದು ಲಂಡನ್ನಿನ ಬಸ್ಸುಗಳಲ್ಲಿ. ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವಿಡೀ ಕೂತಿರುವ ಡ್ರೈವರುಗಳಿಗೆ ಹೃದಯದ ಕಾಯಿಲೆ ಹೆಚ್ಚು, ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಕಡಿಮೆ ಎಂದು ಕಂಡುಬಂತು. ಮೂರು ವರ್ಷದ ನಂತರ ಅದೇ ತಂಡ ಇಬ್ಬರ ಸಮವಸ್ತ್ರದ ಅಳತೆಗಳನ್ನೂ ತೆಗೆದು ನೋಡಿತು. ಡ್ರೈವರುಗಳ ಸೊಂಟದ ಸುತ್ತಳತೆ ಕೆಲಸಕ್ಕೆ ಸೇರುವಾಗಲೇ ಸ್ವಲ್ಪ ಹೆಚ್ಚಿತ್ತು. ಅಂದರೆ ಕೂರುವ ಕೆಲಸವೊಂದೇ ಕಾರಣ ಎಂದು ಹೇಳಿ ಮುಗಿಸುವಂತಿರಲಿಲ್ಲ. ತಮ್ಮ ವಾದಕ್ಕೆ ತೊಡಕಾಗುವ ಸಂಗತಿಯನ್ನು ತಾವೇ ಹುಡುಕಿ ಹೇಳಿದ ಆ ಪ್ರಾಮಾಣಿಕತೆ ನನಗೆ ತುಂಬ ಇಷ್ಟ. ಅಲ್ಲಿಂದಾಚೆಗೆ ನೂರಾರು ಅಧ್ಯಯನಗಳು ಬಂದಿವೆ, ಮೂಲ ಮಾತು ನಿಂತಿದೆ.

ಈಗ ಎಂಟ್ನೂರು ಗ್ರಾಮಿನ ಲೆಕ್ಕ. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ತೊಂಬತ್ತು ಕಿಲೋ ತೂಗುವವರು ನಲವತ್ತು ನಿಮಿಷ ನಡೆದರೆ ಖರ್ಚಾಗುವುದು ಹೆಚ್ಚುಕಡಿಮೆ ಇನ್ನೂರು. ಒಂದು ಮಸಾಲೆ ದೋಸೆ ಅದನ್ನು ತುಂಬಿಕೊಟ್ಟು ಮೇಲೆ ಮಿಕ್ಕುತ್ತದೆ. ಸಾಲದ್ದಕ್ಕೆ ದೇಹವೂ ಲೆಕ್ಕ ಸರಿದೂಗಿಸುತ್ತದೆ. ನಡೆದ ದಿನ ಹಸಿವು ತುಸು ಹೆಚ್ಚು, ಮಧ್ಯಾಹ್ನ ಏಳಲು ಮನಸ್ಸು ತುಸು ಕಡಿಮೆ. ಊಟ ಬದಲಾಯಿಸದೆ ಬರೀ ನಡಿಗೆಯಿಂದ ಮೂರು ತಿಂಗಳಲ್ಲಿ ಒಂದೆರಡು ಕಿಲೋ ಇಳಿದರೆ ಅದೇ ಹೆಚ್ಚು. ಚಿಕ್ಕಪ್ಪನಿಗೆ ಆದದ್ದು ಸೋಲಲ್ಲ, ಯಾರಿಗಾದರೂ ಆಗುವುದೇ. 'ನಡೆಯಿರಿ, ಹತ್ತು ಕಿಲೋ ಇಳಿಯುತ್ತೀರಿ' ಎಂದು ಆರೋಗ್ಯ ಶಿಬಿರದಲ್ಲಿ ಮಾತು ಕೊಟ್ಟವರದೇ ತಪ್ಪು. ಆ ಸುಳ್ಳು ಭರವಸೆಯಿಂದ ನಡಿಗೆ ಬಿಟ್ಟವರು ನನಗೆ ಗೊತ್ತಿರುವವರಲ್ಲೇ ಎಷ್ಟೋ ಜನ.

ಹಾಗಾದರೆ ಮೂರು ತಿಂಗಳಲ್ಲಿ ಏನಾಯಿತು?

ಸ್ನಾಯುವಿನಿಂದ ಶುರು ಮಾಡೋಣ. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬಂದಾಗ ಇನ್ಸುಲಿನ್ ಅದನ್ನು ಜೀವಕೋಶಗಳ ಒಳಗೆ ಕಳಿಸಬೇಕು. ಹೀಗೆ ಇನ್ಸುಲಿನ್ ಕಳಿಸುವ ಸಕ್ಕರೆಯಲ್ಲಿ ಬಹುಪಾಲನ್ನು ತೆಗೆದುಕೊಳ್ಳುವುದು ಸ್ನಾಯು. ಬೊಜ್ಜು ಬಂದವರಲ್ಲಿ ಸ್ನಾಯುವಿನ ಒಳಗೂ ಕೊಬ್ಬು ಸೇರಿಕೊಂಡು ಇನ್ಸುಲಿನ್ ಮಾತು ನಡೆಯದಂತಾಗುತ್ತದೆ. ಇದೇ ಇನ್ಸುಲಿನ್ ಪ್ರತಿರೋಧ. ಆದರೆ ಸ್ನಾಯು ದುಡಿಯುವಾಗ ಇನ್ಸುಲಿನ್ ಹಂಗಿಲ್ಲದೆ ಇನ್ನೊಂದು ದಾರಿ ತೆರೆಯುತ್ತದೆ. ಗ್ಲೂಟ್-4 ಎಂಬ ಸಾಗಣೆ ಪ್ರೋಟೀನುಗಳು ಕೋಶದ ಒಳಗಿಂದ ಎದ್ದು ಅಂಚಿಗೆ ಬಂದು ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತವೆ. ಹೋಟೆಲಿನ ಮುಂಬಾಗಿಲಲ್ಲಿ ಎಷ್ಟೇ ನೂಕುನುಗ್ಗಲಿದ್ದರೂ ಹಾಲಿನವನು ಹಿಂಬಾಗಿಲಿಂದ ಬಂದು ಕ್ಯಾನ್ ಇಳಿಸಿ ಹೋಗುತ್ತಾನಲ್ಲ, ಹಾಗೆ. ವ್ಯಾಯಾಮ ನಿಲ್ಲಿಸಿದ ಮೇಲೂ ಸ್ನಾಯು ಒಂದೆರಡು ದಿನ ಇನ್ಸುಲಿನ್‌ಗೆ ಹೆಚ್ಚು ಕಿವಿಗೊಡುತ್ತದೆ, ಆಮೇಲೆ ಮರೆಯುತ್ತದೆ. ಭಾನುವಾರ ಒಂದೇ ದಿನ ಎರಡು ಗಂಟೆ ನಡೆದು ಉಳಿದ ದಿನ ಕೂರುವುದಕ್ಕಿಂತ, ಎರಡು ದಿನಕ್ಕಿಂತ ಹೆಚ್ಚು ಖಾಲಿ ಬಿಡದಂತೆ ನಡೆಯಬೇಕು ಎನ್ನುವುದು ಇದಕ್ಕೇ. ತೂಕ ಇಳಿಯಲಿ ಬಿಡಲಿ, ಈ ಕೆಲಸ ಮೊದಲ ದಿನದಿಂದಲೇ ನಡೆಯುತ್ತದೆ.

ಇದು ನಮ್ಮ ದೇಶದಲ್ಲೇ ಸಾಬೀತಾದ ಮಾತು. ಚೆನ್ನೈಯ ಡಾ. ಎ. ರಾಮಚಂದ್ರನ್ ಅವರ ತಂಡ ಮಧುಮೇಹದ ಅಂಚಿನಲ್ಲಿದ್ದ 531 ಮಂದಿಯ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಡಿಗೆ ಮತ್ತು ಊಟದ ಶಿಸ್ತು ಪಾಲಿಸಿದವರಿಗೆ ಮಧುಮೇಹ ಬರುವ ಸಂಭವ ಶೇ 28.5ರಷ್ಟು ಇಳಿಯಿತು. ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಿರಲಿಲ್ಲ. ಚಿಕ್ಕಪ್ಪನಿಗೆ ಮೊದಲು ಹೇಳಿದ್ದು ಇದನ್ನೇ.

ಮೆಷಿನ್ ಯಾಕೆ ಕುರುಡು ಎನ್ನುವುದಕ್ಕೆ ಇನ್ನೂ ಹತ್ತಿರದ ಸಾಕ್ಷಿ ಪುಣೆಯಲ್ಲಿದೆ. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ ಇಬ್ಬರೂ ಸೇರಿ 2004ರಲ್ಲಿ ತಮ್ಮದೇ ಫೋಟೋ ಹಾಕಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ಬಿಎಂಐ, ಇಬ್ಬರದೂ 22.3. ಆದರೆ ಮೈಯಲ್ಲಿನ ಕೊಬ್ಬು ಯಡ್ಕಿನ್ ಅವರಿಗೆ ಶೇ 9.1, ಯಾಜ್ಞಿಕ್ ಅವರಿಗೆ ಶೇ 21.2. ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ: ಇದು ಭಾರತೀಯರ ಮೈಯ ಗುಣ. 2023ರಲ್ಲಿ ಹೊರಬಂದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ಕೂಡ ಅದನ್ನೇ ತೋರಿಸಿತು. ದೇಶದಲ್ಲಿ ಬಿಎಂಐ ಪ್ರಕಾರ ಬೊಜ್ಜಿರುವವರು ಶೇ 28.6, ಹೊಟ್ಟೆಯ ಬೊಜ್ಜಿರುವವರು ಶೇ 39.5. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ ಸೊಂಟ ನಮ್ಮಲ್ಲಿ ಎಚ್ಚರಿಕೆಯ ಗೆರೆ. ದರ್ಜಿಯ ಹತ್ತಿರ ಇರುವ ಟೇಪು ಇಲ್ಲಿ ಮೆಷಿನ್‌ಗಿಂತ ಹೆಚ್ಚು ತಿಳಿದದ್ದು.

ಆ ಹೊಟ್ಟೆಯೊಳಗಿನ ಕೊಬ್ಬು, ಲಿವರ್ ಕರುಳುಗಳ ಸುತ್ತ ಕೂತದ್ದು, ಚರ್ಮದಡಿಯ ಕೊಬ್ಬಿನಂತೆ ಸುಮ್ಮನಿರುವುದಿಲ್ಲ. ಸದಾ ಉರಿಯೂತದ ರಾಸಾಯನಿಕಗಳನ್ನು ಹೊರಹಾಕುತ್ತಿರುತ್ತದೆ. ವ್ಯಾಯಾಮ ಮೊದಲು ಕೈ ಹಾಕುವುದು ಇದಕ್ಕೇ. ಡೆನ್ಮಾರ್ಕಿನ ವಿಜ್ಞಾನಿಗಳು 2019ರಲ್ಲಿ ಇದರ ಒಂದು ಗುಟ್ಟು ಬಿಡಿಸಿದರು. ದುಡಿಯುವ ಸ್ನಾಯು ಇಂಟರ್‌ಲ್ಯೂಕಿನ್-6 ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಹೊಟ್ಟೆ ಬಂದವರಿಗೆ 12 ವಾರ ಸೈಕಲ್ ತುಳಿಸಿದಾಗ ಒಳಕೊಬ್ಬು ಇಳಿಯಿತು. ಆದರೆ ಇಂಟರ್‌ಲ್ಯೂಕಿನ್-6ರ ಕೆಲಸ ತಡೆಯುವ ಮದ್ದು ಕೊಟ್ಟವರು ಅಷ್ಟೇ ತುಳಿದರೂ ಇಳಿಯಲಿಲ್ಲ. ಆ ಮದ್ದು ಟಾಸಿಲಿಜುಮ್ಯಾಬ್. 2020ರಲ್ಲಿ ಕೋವಿಡ್ ಹೊತ್ತಿಗೆ ಮುಂಬಯಿಯಲ್ಲಿ ಒಂದು ಬಾಟಲಿಗಾಗಿ ಊರೆಲ್ಲ ಅಲೆದವರಿಗೆ ಈ ಹೆಸರು ಮರೆತಿರಲಾರದು. ಅಂತೂ ಸ್ನಾಯು ಎಂದರೆ ಬರೀ ಎಳೆಯುವ ಹಗ್ಗವಲ್ಲ, ದೂರದ ಅಂಗಗಳಿಗೆ ಸುದ್ದಿ ಕಳಿಸುವ ಗ್ರಂಥಿಯೂ ಹೌದು.

ಇನ್ನು ನರಗಳು. ಬೊಜ್ಜಿನ ಚರ್ಚೆಯಲ್ಲಿ ಯಾರೂ ಎತ್ತದ ವಿಷಯ ಇದು, ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದೂ ಇದೇ.

ನಮ್ಮ ಅಪ್ಪಣೆ ಕೇಳದೆ ಹೃದಯ, ರಕ್ತನಾಳ, ಮೂತ್ರಪಿಂಡಗಳನ್ನು ನಡೆಸುವ ನರಗಳಲ್ಲಿ ಎರಡು ಪಂಗಡ. ಸಿಂಪಥೆಟಿಕ್ ನರಗಳು ಒಲೆಯ ಉರಿ ಏರಿಸುವ ಕೈ. ವೇಗಸ್ ಮೊದಲಾದ ಪ್ಯಾರಾಸಿಂಪಥೆಟಿಕ್ ನರಗಳು ಉರಿ ತಗ್ಗಿಸುವ ಕೈ. ಭಟ್ಟರಿಗೆ ಎರಡೂ ಬೇಕು. ದೋಸೆ ಹೊಯ್ಯುವಾಗ ಒಂದು, ಸಾಂಬಾರ್ ಕುದಿಯುವಾಗ ಇನ್ನೊಂದು. ಬೊಜ್ಜು ಬಂದವರಲ್ಲಿ ಏನಾಗುತ್ತದೆ ಎಂದರೆ, ಸುಮ್ಮನೆ ಕೂತಿರುವಾಗಲೂ ಉರಿ ಏರಿಯೇ ಇರುತ್ತದೆ.

ಇದನ್ನು ಕಣ್ಣಿಗೆ ಕಾಣುವಂತೆ ಅಳೆದಿದ್ದಾರೆ. ಮೊಣಕಾಲಿನ ಹೊರಮಗ್ಗುಲಲ್ಲಿ, ಮೂಳೆಯ ಉಬ್ಬಿನ ಕೆಳಗೆ ಹಾದುಹೋಗುವ ನರಕ್ಕೆ ಕೂದಲಿನಷ್ಟು ಸಪುರದ ಸೂಜಿ ಚುಚ್ಚಿ ಅದರಲ್ಲಿ ಹರಿಯುವ ವಿದ್ಯುತ್ತನ್ನು ದಾಖಲಿಸುವ ವಿಧಾನವಿದೆ. ಸ್ಪೀಕರಿಗೆ ಜೋಡಿಸಿದರೆ ನರದ ಒಂದೊಂದು ಬಡಿತವೂ ಗಾಳಿ ಬೀಸಿದಂತೆ ಭುಸ್ ಭುಸ್ ಎಂದು ಕೇಳುತ್ತದೆ. ಇಟಲಿಯ ಗುಯಿಡೊ ಗ್ರಾಸಿ ಮತ್ತು ಸಂಗಡಿಗರು 1995ರಲ್ಲಿ, ಬೊಜ್ಜಿದ್ದರೂ ಇನ್ನೂ ಬಿಪಿ ಬಾರದವರಲ್ಲಿ ಹೀಗೆ ಅಳೆದರು. ತೆಳ್ಳಗಿನವರಿಗಿಂತ ಅವರ ನರಗಳು ಎಷ್ಟೋ ಹೆಚ್ಚು ಬಡಿಯುತ್ತಿದ್ದವು. ಅಂದರೆ ಕಾಯಿಲೆಯ ರಿಪೋರ್ಟ್ ಕೈಗೆ ಬರುವ ಮುಂಚೆಯೇ ನರಗಳು ಬಿಸಿಯೇರಿ ಕೂತಿರುತ್ತವೆ. ಕೊಬ್ಬಿನಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನು, ರಕ್ತದಲ್ಲಿ ಸದಾ ಏರಿರುವ ಇನ್ಸುಲಿನ್, ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟುವುದು, ಇವೆಲ್ಲ ಸೇರಿ ಮೆದುಳನ್ನು ಚುಚ್ಚುತ್ತಿರುತ್ತವೆ. ಆ ನರಗಳ ಮಾತು ಕೇಳಿ ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ. ಬಿಗಿದ ರಕ್ತನಾಳದಿಂದ ಸ್ನಾಯುವಿಗೆ ಸಕ್ಕರೆಯೂ ಸರಿಯಾಗಿ ತಲುಪುವುದಿಲ್ಲ. ಚಯಾಪಚಯ (ದೇಹ ಆಹಾರವನ್ನು ಶಕ್ತಿಯಾಗಿ ಬಳಸುವ ಕ್ರಿಯೆ) ಬೇರೆ, ನರ ಬೇರೆ ಎಂದು ನಾವು ಬರೆಯುವುದು ಪುಸ್ತಕದ ಅನುಕೂಲಕ್ಕೆ. ದೇಹದಲ್ಲಿ ಅವು ಒಂದರ ಬಾಲವನ್ನು ಇನ್ನೊಂದು ಹಿಡಿದುಕೊಂಡಿವೆ.

ತಿಂಗಳುಗಟ್ಟಲೆ ನಿಯಮದಿಂದ ನಡೆದರೆ, ಸೈಕಲ್ ತುಳಿದರೆ, ಈ ಏರಿದ ಬಡಿತ ತಗ್ಗುತ್ತದೆ. ಹೆಚ್ಚು ತಗ್ಗುವುದು ಹೆಚ್ಚು ಏರಿದವರಲ್ಲೇ. ಮೊದಲೇ ಸರಿಯಾಗಿರುವವರಲ್ಲಿ ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ಇದು ನನಗೆ ತುಂಬ ಸಮಾಧಾನ ಕೊಟ್ಟ ಸಂಗತಿ, ಯಾಕೆಂದರೆ ಎಲ್ಲಿ ಅಗತ್ಯ ಹೆಚ್ಚೋ ಅಲ್ಲೇ ಫಲ ಹೆಚ್ಚು. ಉರಿ ತಗ್ಗಿಸುವ ವೇಗಸ್ ನರದ ಹಿಡಿತವೂ ಮರಳುತ್ತದೆ. ಅದರ ಗುರುತು ಮುಂಗೈಯಲ್ಲೇ ಇದೆ: ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚಿನ ನಾಡಿ. ಇನ್ನೊಂದು ಗುರುತು, ಏದುಸಿರು ಬರುವಷ್ಟು ದುಡಿದು ನಿಂತಾಗ ಮೊದಲ ಒಂದು ನಿಮಿಷದಲ್ಲಿ ನಾಡಿ ಎಷ್ಟು ಇಳಿಯುತ್ತದೆ ಎನ್ನುವುದು. ಅಮೆರಿಕದಲ್ಲಿ 2,428 ಮಂದಿಯನ್ನು ಆರು ವರ್ಷ ಹಿಂಬಾಲಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟ್ರೆಡ್‌ಮಿಲ್ ಪರೀಕ್ಷೆಯ ಆ ಮೊದಲ ನಿಮಿಷದಲ್ಲಿ ನಾಡಿ 12 ಬಡಿತ ಅಥವಾ ಅದಕ್ಕಿಂತ ಕಡಿಮೆ ಇಳಿದವರಲ್ಲಿ ಸಾವು ಹೆಚ್ಚಿತ್ತು.

ಮೆದುಳಿನ ಸುದ್ದಿ ಇನ್ನೂ ಹೊಸದು. ಇನ್ಸುಲಿನ್ ಮೆದುಳಿಗೂ ಹೋಗಿ 'ಹೊಟ್ಟೆ ತುಂಬಿತು' ಎಂದು ಹೇಳುತ್ತದೆ. ಬೊಜ್ಜಿನಲ್ಲಿ ಮೆದುಳು ಆ ಮಾತಿಗೂ ಕಿವುಡಾಗುತ್ತದೆ. ಜರ್ಮನಿಯ ಟ್ಯೂಬಿಂಗನ್‌ನ ಸಂಶೋಧಕರು, ಕೂತೇ ದಿನ ಕಳೆಯುತ್ತಿದ್ದ 21 ಮಂದಿ ಸ್ಥೂಲಕಾಯರಿಗೆ 8 ವಾರ ವ್ಯಾಯಾಮ ಮಾಡಿಸಿದರು. ಮೊದಲೂ ಆಮೇಲೂ ಮೂಗಿಗೆ ಇನ್ಸುಲಿನ್ ಸ್ಪ್ರೇ ಹೊಡೆದು ಮೆದುಳಿನ ಸ್ಕ್ಯಾನ್ ತೆಗೆದರು. ಎಂಟೇ ವಾರದಲ್ಲಿ ಮೆದುಳು ಇನ್ಸುಲಿನ್‌ಗೆ ಓಗೊಡುವುದು ಸಹಜ ತೂಕದವರ ಮಟ್ಟಕ್ಕೆ ಬಂದಿತ್ತು. 2022ರ ಪ್ರಕಟಣೆ ಇದು. ಚಿಕ್ಕ ಅಧ್ಯಯನ, ಇದರ ಮೇಲೆಯೇ ಎಲ್ಲ ಕಟ್ಟಬಾರದು. ಆದರೂ 'ನನಗೆ ಬಾಯಿ ಕಟ್ಟಲು ಆಗುವುದಿಲ್ಲ' ಎಂದು ತಮ್ಮನ್ನೇ ಹಳಿದುಕೊಳ್ಳುವವರಿಗೆ ನಾನು ಇದನ್ನು ಹೇಳುತ್ತೇನೆ. ಬಾಯಿಚಪಲ ಎಂದು ನಾವು ಬೈಯುವುದರಲ್ಲಿ ಒಂದು ಪಾಲು ಸುದ್ದಿ ತಲುಪದ ನರಗಳದ್ದು.

ಇನ್ನು ಇಂಜೆಕ್ಷನ್. ಬೊಜ್ಜಿನಿಂದ ಜೀವಕ್ಕೆ ಕುತ್ತು ಬಂದವರಿಗೆ ಅದು ನಿಜವಾದ ಮದ್ದು, ತೆಗೆದುಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಅದು ಇಳಿಸುವ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಮೊದಲೇ ಸ್ನಾಯು ಕಡಿಮೆ ಇರುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಕೋಪನ್‌ಹೇಗನ್‌ನಲ್ಲಿ 195 ಮಂದಿಯ ಮೇಲೆ ಇದೇ ಬಗೆಯ ಹಳೆಯ ಮದ್ದು ಲಿರಾಗ್ಲುಟೈಡ್ ಇಟ್ಟುಕೊಂಡು ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮದ್ದು ಮತ್ತು ವ್ಯಾಯಾಮ ಎರಡೂ ಇದ್ದವರಿಗೆ ಅತಿ ಹೆಚ್ಚು ಫಲ ಸಿಕ್ಕಿತು. ಮದ್ದು ನಿಲ್ಲಿಸಿ ಒಂದು ವರ್ಷದ ಮೇಲೆ ನೋಡಿದರೆ ಬರೀ ಮದ್ದು ತೆಗೆದುಕೊಂಡವರಿಗೆ ತೂಕ ಮರಳಿತ್ತು, ಜೊತೆಗೆ ವ್ಯಾಯಾಮವನ್ನೂ ಮಾಡಿದ್ದವರಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಮರಳಿತ್ತು. ಹಾಗಾಗಿ 'ನಡಿಗೆ ಬಿಟ್ಟು ಇಂಜೆಕ್ಷನ್' ಎನ್ನುವ ಚಿಕ್ಕಪ್ಪನ ಮಾತಿನಲ್ಲಿ ತಪ್ಪಿದ್ದು 'ಬಿಟ್ಟು' ಎಂಬ ಒಂದು ಪದ.

ಈ ಇಡೀ ಚರ್ಚೆಯಲ್ಲಿ ಹೆಂಗಸರು ಎಲ್ಲಿ? ಭಾರತದ ವಯಸ್ಕರಲ್ಲಿ ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ ಎಂದು 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಎಂಬ ವೈದ್ಯಕೀಯ ಪತ್ರಿಕೆಯ ವರದಿ ಹೇಳಿತು. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ನನ್ನ ಚಿಕ್ಕಮ್ಮ ಐದೂವರೆಗೆ ಫೈವ್ ಗಾರ್ಡನ್ಸ್‌ಗೆ ಹೋಗಲಾರರು, ಆ ಹೊತ್ತಿಗೆ ನೀರು ಬರುತ್ತದೆ. ಡೊಂಬಿವಲಿ, ನಾಲಾಸೋಪಾರಾ, ಮೀರಾ ರೋಡಿನ ಒಂದು ರೂಮು ಅಡುಗೆಮನೆಗಳಲ್ಲಿ ಇರುವ ನಮ್ಮ ಹೆಂಗಸರು ದಿನವಿಡೀ ನಿಂತಿರುತ್ತಾರೆ, ದಣಿಯುತ್ತಾರೆ, ಆದರೆ ಉಸಿರು ಏರುವಷ್ಟು ಹತ್ತು ನಿಮಿಷ ಒಟ್ಟಿಗೆ ಸಿಗುವುದಿಲ್ಲ. ಆ ದಣಿವು ವ್ಯಾಯಾಮವಾಗುವುದಿಲ್ಲ. ಅವರಿಗೆ 'ವಾಕಿಂಗ್ ಹೋಗಿ' ಎಂದು ಬುದ್ಧಿ ಹೇಳುವ ಮೊದಲು ಮನೆಯಲ್ಲಿ ಬೆಳಗಿನ ಕೆಲಸ ಹಂಚಿಕೊಳ್ಳುವವರು ಬೇಕು.

ಸಮಯವಿಲ್ಲದವರಿಗೆ ಸಿಕ್ಕ ಒಂದು ಒಳ್ಳೆಯ ದಾರಿ ನ್ಯೂಜಿಲೆಂಡಿನದು. ಮಧುಮೇಹಿಗಳು ದಿನಕ್ಕೊಮ್ಮೆ ಮೂವತ್ತು ನಿಮಿಷ ನಡೆಯುವ ಬದಲು ಮೂರೂ ಊಟದ ನಂತರ ಹತ್ತು ಹತ್ತು ನಿಮಿಷ ನಡೆದಾಗ, ಊಟದ ಮೇಲಿನ ಸಕ್ಕರೆ ಸರಾಸರಿ ಶೇ 12ರಷ್ಟು ಕಡಿಮೆ ಕಂಡಿತು, ರಾತ್ರಿ ಊಟದ ನಂತರವಂತೂ ಶೇ 22. ಮಳೆಗಾಲದಲ್ಲಿ ಕಟ್ಟಡದ ಪ್ಯಾಸೇಜೂ ಸಾಕು. ಜೊತೆಗೆ ವಾರಕ್ಕೆರಡು ದಿನ ಸ್ನಾಯುವಿಗೆ ಭಾರ ಕೊಡುವ ಕೆಲಸ: ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಗೋಡೆಗೆ ಕೈ ಕೊಟ್ಟು ದಂಡ, ಐದು ಕಿಲೋ ಅಕ್ಕಿಯ ಚೀಲ ಎತ್ತಿಳಿಸುವುದು. ಇನ್ಸುಲಿನ್ ಅಥವಾ ಸಕ್ಕರೆ ತೀರಾ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು, ಎದೆನೋವು ಬಂದವರು, ಪಾದದಲ್ಲಿ ಸ್ಪರ್ಶ ಕಡಿಮೆಯಾದವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಬಿಪಿಗಾಗಿ ಬೀಟಾ ಬ್ಲಾಕರ್ ಎಂಬ, ನಾಡಿಯನ್ನೂ ತಗ್ಗಿಸುವ ಮಾತ್ರೆ ನುಂಗುವವರಿಗೆ ನಾಡಿಯ ಲೆಕ್ಕ ಹೊಂದುವುದಿಲ್ಲ.

ನಮ್ಮ ಸಂಘಗಳು ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ಇಡುತ್ತವೆ. ಬಾಗಿಲಲ್ಲೇ ತೂಕದ ಮೆಷಿನ್, ಪಕ್ಕದಲ್ಲಿ ಬಿಎಂಐ ಚಾರ್ಟು, ಆಮೇಲೆ ಒಂದು ಬೈಗುಳದಂಥ ಭಾಷಣ. ಆ ಮೆಷಿನ್ ಜಾಗದಲ್ಲಿ ಒಂದು ಟೇಪು, ಒಂದು ಕುರ್ಚಿ, ನಾಡಿ ಎಣಿಸಲು ಒಬ್ಬ ನರ್ಸು ಇರಲಿ ಎಂದು ನಾನು ನಮ್ಮ ಸಂಘಕ್ಕೆ ಬರೆದುಕೊಟ್ಟಿದ್ದೇನೆ. ಮೂರು ತಿಂಗಳ ಬಳಿಕ ಅದೇ ಜನರನ್ನು ಮತ್ತೆ ಕರೆದು ಅಳೆಯಬೇಕು, ಆಗ ಬದಲಾವಣೆ ಅವರ ಕಣ್ಣಿಗೇ ಬೀಳುತ್ತದೆ.

ಚಿಕ್ಕಪ್ಪನ ಮನೆಗೆ ಹೋಗಿ ಇದಿಷ್ಟನ್ನೂ ಹೇಳಿದೆ. ಅವರ ಬೆಲ್ಟು ಒಂದು ತೂತು ಒಳಗೆ ಹೋಗಿತ್ತು, ಅದನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಡಿಗೆ ಶುರು ಮಾಡುವ ವಾರ ವೈದ್ಯರು ಬರೆದ ಚೀಟಿಯಲ್ಲಿ ನಾಡಿ 88 ಎಂದಿತ್ತು. ಸೋಫಾದಲ್ಲಿ ಹತ್ತು ನಿಮಿಷ ಸುಮ್ಮನೆ ಕೂರಿಸಿ ಗಡಿಯಾರ ನೋಡಿ ಎಣಿಸಿದೆ, 76. "ನಿನ್ನ ಎಣಿಕೆ ತಪ್ಪು, ಇನ್ನೊಂದು ಸಲ ನೋಡು" ಎಂದರು. ಮತ್ತೆ ಎಣಿಸಿದೆ, 75.

ಹೋಟೆಲಿನ ಗಲ್ಲಾದಲ್ಲಿ ಅವರದೊಂದು ಉದ್ದದ ಡೈರಿ ಇದೆ, ದಿನದ ಖರೀದಿ ಬರೆಯುವುದು. ಮೊನ್ನೆ ಹೋದಾಗ ತೆರೆದೇ ಇತ್ತು. ಹಾಲು 40 ಲೀಟರ್, ತೆಂಗಿನಕಾಯಿ 25, ಉದ್ದು 10 ಕಿಲೋ. ಅದರ ಕೆಳಗೆ ಅವರದೇ ಓರೆ ಅಕ್ಷರದಲ್ಲಿ, ನಾಡಿ 74.